ಮೂರು ಕೂಗು

ನಿಶಾ ಮತ್ತೆ ಪವರ್ ಬಟನ್ ಒತ್ತಿದಳು. ಲ್ಯಾಪ್‌ಟಾಪ್ ಬೀಪ್ ಬೀಪ್ ಎಂದು ಅರಚಿತೇ ಹೊರತು ತೆರೆ ಬೆಳಗಲಿಲ್ಲ. ಕೆಲಸ ಹೋದ ದಿನವೇ ಕಂಪನಿ ತಾನು ಕೊಟ್ಟಿದ್ದ ಲ್ಯಾಪ್‌ಟಾಪನ್ನು ವಾಪಸ್ ಪಡೆದಿತ್ತು. ಉಳಿದದ್ದು ಕಾಲೇಜು ಕಾಲದ ಇದೊಂದೇ. ಹನ್ನೊಂದರ ವಿಡಿಯೊ ಸಂದರ್ಶನದಲ್ಲಿ ಇದರಲ್ಲೇ ಕೋಡ್ ಬರೆದು ತೋರಿಸಿದರೆ ತಾನಿರುವ ಕಾಕ್ಕನಾಡಿನಲ್ಲೇ ಇನ್ನೊಂದು ಕೆಲಸ ಸಿಗಬಹುದು. ಕಲೂರಿನ ರಿಪೇರಿ ಅಂಗಡಿಯವರು ಫೋನಿನಲ್ಲಿ, “ನಾಳೆ ನೋಕ್ಕಾಂ ಮೋಳೇ,” ನಾಳೆ ನೋಡೋಣ ಮಗಳೇ, ಎಂದು ಮಲಯಾಳದಲ್ಲಿ ಹೇಳಿಬಿಟ್ಟಿದ್ದರು.

“ಪ್ರತಿ ಸಲ ಮೂರೇ ಕೂಗೋದು ಕಣೇ,” ಎಂದರು ಮೈಸೂರಿನಿಂದ ಬಂದಿದ್ದ ಅಮ್ಮ ಸೀತಮ್ಮ, ಬೆರಳ ಗೆರೆ ಎಣಿಸುತ್ತ.

“ಅದೇನು ಕುಕ್ಕರಾ? ಸುಮ್ನಿರಮ್ಮ.”

“ಕುಕ್ಕರೇ ವಾಸಿ. ಮೂರು ಕೂಗಿದ್ರೆ ಅನ್ನ ಆಯ್ತು ಅಂತ ಅರ್ಥ. ಇದೇನು ಹೇಳ್ತಿದೆ, ನೋಡು.”

ನಿಶಾಳ ಕೈ ನಿಂತಿತು. ಒಂದು ಗಂಟೆಯಿಂದ ಒತ್ತುತ್ತಿದ್ದವಳು ಒಮ್ಮೆಯೂ ಎಣಿಸಿರಲಿಲ್ಲ. ಫೋನಿನಲ್ಲಿ ಹುಡುಕಿದಳು: ಈ ಮಾದರಿ ಮೂರು ಸಲ ಬೀಪ್ ಎಂದರೆ ಮೆಮೊರಿ ಚಿಪ್‌ಗಳ ಪಟ್ಟಿ ಸರಿಯಾಗಿ ಕೂತಿಲ್ಲ ಎಂದರ್ಥ. ಸ್ಕ್ರೂ ಬಿಚ್ಚಿ, ಬೆರಳುದ್ದದ ಆ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದಳು.

ತೆರೆ ಬೆಳಗಿತು. ಹನ್ನೊಂದಕ್ಕೆ ಇನ್ನೂ ಎಂಟು ನಿಮಿಷವಿತ್ತು. ಸದ್ದಾಗದಂತೆ ಅಡುಗೆಮನೆಗೆ ಹೊರಟ ಅಮ್ಮನ ಸೆರಗು ಹಿಡಿದು ನಿಲ್ಲಿಸಿ, ನಿಶಾ ಪಕ್ಕಕ್ಕೊಂದು ಕುರ್ಚಿ ಎಳೆದಳು.

“ಕ್ಯಾಮೆರಾಗೆ ಬೀಳದ ಹಾಗೆ ಇಲ್ಲೇ ಕೂತ್ಕೊಳ್ಳಮ್ಮ.”