ಗುಡ್ಡಕ್ಕೆ ಅಡ್ಡ ತೋಡಿದ ಕಾಲುವೆ

"ನೀರು ನಿಂತ್ರೆ ನಿನ್ನ ಪ್ಲಾನು, ಓಡಿದ್ರೆ ಗುಡ್ಡ ಜೆಸಿಬಿಗೆ," ಎಂದು ಅಪ್ಪ ನೀರಿನ ಕೊಡವನ್ನು ಪೂರ್ಣಿಮಾಳ ಕೈಗಿಟ್ಟರು. ಮಳೆನೀರು ಅಲ್ಲೇ ಇಂಗಲೆಂದು ಇಳಿಜಾರಿಗೆ ಅಡ್ಡವಾಗಿ ಅವಳೇ ತೋಡಿದ್ದ ಕಾಲುವೆ ಮುಂದಿತ್ತು. ಗುಡ್ಡ ಸಪಾಟು ಮಾಡಲು ಕೊಪ್ಪದಿಂದ ಬಂದಿದ್ದ ಡ್ರೈವರ್ ಸತೀಶ ಎಂಜಿನ್ ಆರಿಸಿರಲಿಲ್ಲ.

ಅವಳು ಕಾಲುವೆಗೆ ಸುರಿದಳು. ನೀರು ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಎಡಕ್ಕೆ ಸರಿದು, ತುದಿ ದಾಟಿ ಕೆಳಗಿಳಿಯಿತು.

"ಹೋತಲ್ಲ ಮಾರಾಯ್ರೆ ನಿಮ್ಮ ಕೂಸಿನ ಪ್ಲಾನು!" ಸತೀಶ ನಗುತ್ತ ಯಂತ್ರವನ್ನು ಮುಂದೆ ತಂದ.

"ಎಡಗಡೆ ತಗ್ಗಾಗಿದೆ..." ಪೂರ್ಣಿಮಾಳ ದನಿ ಎಂಜಿನ್ನಿನ ಸದ್ದಿನಲ್ಲಿ ಅವಳಿಗೇ ಕೇಳಲಿಲ್ಲ. ಅವಳ ತುಟಿ ಅಲ್ಲಾಡಿದ್ದನ್ನು ಅಪ್ಪ ಕಂಡರು. ಕೈಯೆತ್ತಿ ಯಂತ್ರವನ್ನು ತಡೆದರು.

"ಆಫ್ ಮಾಡು ಮಾರಾಯ, ಅವಳು ಎಂತದೋ ಹೇಳ್ತಿದಾಳೆ."

ಸದ್ದು ನಿಂತಿತು. ಪೂರ್ಣಿಮಾ ಮತ್ತೆ ಹೇಳಿದಳು. ಅಪ್ಪ ಗುದ್ದಲಿ ಎತ್ತಿಕೊಂಡು ಎಡತುದಿಗೆ ನಡೆದರು. "ಎಷ್ಟು ಮಣ್ಣು ಹಾಕ್ಲಿ? ಗಟ್ಟಿ ಹೇಳು."