ಐದನೆಯ ಕೇಬಲ್

"ಐದನೇ ಕೇಬಲ್ ಹಾಕಬೇಡ," ಎಂದ ಮ್ಯಾನೇಜರ್. ಪ್ಯಾನೆಲ್ಲಿನೊಳಗಿದ್ದ ಅವಳ ಕೈ ಅಲ್ಲೇ ನಿಂತಿತು.

ಕಾರ್ಖಾನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಹೊಸ ನೆಟ್‌ವರ್ಕ್ ಸ್ವಿಚ್ಚಿಗೆ ಅರ್ಥಿಂಗ್ ಬಿಗಿದು, ಇಪ್ಪತ್ನಾಲ್ಕು ವೋಲ್ಟಿನ ತಂತಿ ಕೊಟ್ಟಾಗಿತ್ತು. ಮೋಟಾರು, ಕನ್ವೇಯರ್, ಚಿತ್ರ-ಸದ್ದು ಎರಡನ್ನೂ ಹಿಡಿಯುವ ಕ್ಯಾಮೆರಾ, ಮ್ಯಾನೇಜರನ ಕೋಣೆಯ ಕಂಪ್ಯೂಟರ್: ನಾಲ್ಕಕ್ಕೂ ಹಸಿರು ದೀಪ ಬಂದಿತ್ತು. ಐದನೆಯದು ತಗಡು ಒತ್ತುವ ಪ್ರೆಸ್ಸಿನ ಬಾಗಿಲಿನದು. ಬಾಗಿಲು ತೆರೆದರೆ ಪ್ರೆಸ್ಸನ್ನು ನಿಲ್ಲಿಸುವಂಥದ್ದು.

"ಮಾತೆತ್ತಿದರೆ ನಿಲ್ಲುತ್ತೆ, ಕೆಲಸ ಸಾಗಲ್ಲ. ಬಾಗಿಲು ಮುಚ್ಚಿದೆ ಅಂತಲೇ ಅದು ತಿಳ್ಕೊಂಡಿರಲಿ. ಮೊದಲೂ ಹಾಗೇ ಇತ್ತು."

ಮೊದಲೂ ಹಾಗೇ ಇದ್ದದ್ದಕ್ಕೆ ಅವಳ ತಮ್ಮನ ಬಲಗೈಯ ನಾಲ್ಕು ಬೆರಳು ಹೋಗಿದ್ದವು. "ಎಲ್ಲ ಸರಿಯಾಗಿತ್ತು, ತಪ್ಪು ಅವನದೇ," ಎಂದು ವಿಚಾರಣೆಯಲ್ಲಿ ಹೇಳಿ ಈತ ಕೈ ತೊಳೆದುಕೊಂಡಿದ್ದ. ತಮ್ಮ ಈಗ ಅಂಗಿಯ ಗುಂಡಿಗೂ ಅಮ್ಮನನ್ನು ಕೂಗಬೇಕು. ಗುತ್ತಿಗೆಗೆ ಬಂದ ಈ ವೈರಿಂಗ್‌ನವಳು ಅವನ ಅಕ್ಕ ಎಂಬುದು ಮ್ಯಾನೇಜರನಿಗೆ ಗೊತ್ತಿರಲಿಲ್ಲ.

"ಆಯ್ತು ಸಾರ್."

ಅವನು ಫೋನಿಗೆ ಕಿವಿಕೊಟ್ಟು ಅತ್ತ ತಿರುಗಿದಾಗ ಅವಳು ಪ್ಯಾನೆಲ್ ಮುಚ್ಚಿದಳು. ಆಮೇಲೆ ಪ್ರೆಸ್ಸಿಗೆ ಹೋಗಲಿದ್ದ ಒಂದು ತಗಡಿನ ಮೂಲೆಯನ್ನು ಮೆಲ್ಲನೆ ಮಡಚಿದಳು.

ಟ್ರಯಲ್ ಶುರುವಾಯಿತು. ಹತ್ತನೆಯ ಹೊಡೆತಕ್ಕೆ ಆ ತಗಡು ಸಿಕ್ಕಿಕೊಂಡಿತು, ಪ್ರೆಸ್ ನಿಂತಿತು.

"ನನ್ನ ಕೈಗೆ ಎಟಕಲ್ಲ. ನೀವೇ ತೆಗೀರಿ ಸಾರ್."

ಅವನು ಗೊಣಗುತ್ತ ಬಾಗಿಲು ತೆರೆದು ಕೈ ಚಾಚಿದ. ಒಂದು ವರ್ಷ ಹಲ್ಲು ಕಚ್ಚಿ ಕಾದ ಗಳಿಗೆ. ಅವಳ ಹೆಬ್ಬೆರಳು ಚಾಲೂ ಮಾಡುವ ಗುಂಡಿಯ ಮೇಲಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ತಲೆ ಕೆಟ್ಟಿದೆಯಾ ನಿಂಗೆ? ಬಾಗಿಲಿನ ಕೇಬಲ್ ಇಲ್ಲ! ಒತ್ತಿದ್ರೆ ನನ್ನ ಕೈ ಉಳಿಯುತ್ತಾ?"

"ಮೊದಲೂ ಹಾಗೇ ಇತ್ತು ಅಂದ್ರಲ್ಲ?"

"ಇತ್ತು! ನಾನೇ ತೆಗೆಸಿದ್ದೆ! ಅದಕ್ಕೇ ಅಲ್ವಾ ಹೋದ ವರ್ಷ ಆ ಹುಡುಗನ ಬೆರಳು ಹೋಗಿದ್ದು!"

ಅವಳು ಗುಂಡಿ ಒತ್ತಿದಳು.

ಪ್ರೆಸ್ ಮಿಸುಕಲಿಲ್ಲ. ಪ್ಯಾನೆಲ್ ತೆರೆದು ತೋರಿಸಿದಳು: ಐದನೆಯ ಕೇಬಲ್ ತನ್ನ ಜಾಗದಲ್ಲೇ ಕೂತಿತ್ತು.

ಅವನು ಉಸಿರು ಬಿಡುವಷ್ಟರಲ್ಲಿ ಗೋಡೆಯ ಸ್ಪೀಕರ್ ಮಾತಾಡಿತು. "ಮ್ಯಾನೇಜರ್ ಸಾಹೇಬ್ರೇ, ಆ ಹುಡುಗನ ಅಕ್ಕ ಕೊಟ್ಟ ಅರ್ಜಿ ಮೇಲೆ ಮರುವಿಚಾರಣೆಗೆ ಬಂದ ಅಧಿಕಾರಿ ನಾನು. ನಿಮ್ಮ ಕೋಣೇಲಿ, ನಿಮ್ಮ ಕುರ್ಚೀಲೇ ಕೂತಿದ್ದೀನಿ. ಚಿತ್ರ, ಸದ್ದು ಎರಡೂ ಬಹಳ ಚೆನ್ನಾಗಿ ಬರ್ತಿವೆ."