ನೀರು ಸೋಸುವ ಅರಿವೆ

ಇಮಾಮಹುಸೇನ ಕೈ ಚಾಚಿದರೂ, ಹಿಂದಿರುಗಿಸಲೆಂದು ಅವನ ಮನೆಬಾಗಿಲಿಗೆ ಬಂದ ದೀಪಾಲಿ ಥರ್ಮಾಸನ್ನು ಬಿಡಲಿಲ್ಲ. ದವಾಖಾನೆ ಸೇರುವ ಮುಂಚೆ ಅವಳ ಗಂಡ ವೃಷಭ ಇವನಿಂದ ಕೇಳಿ ತಂದದ್ದು ಅದು. ಅವನ ಸಾವಿನ ಸೂತಕ ಕಳೆದ ಮೊದಲ ಬೆಳಗು. ಹುಕ್ಕೇರಿಯ ಓಣಿಯಲ್ಲಿ ಹಾಲಿನವರ ಸೈಕಲ್ಲುಗಳು ಎಂದಿನಂತೆ ಓಡಾಡುತ್ತಿದ್ದವು.

"ನಮ್ಮ ವೃಷಭ ಹುಲಿ ಇದ್ದ, ತಂಗಿ," ಎಂದ ಇಮಾಮಹುಸೇನ. ಅವನೂ ವೃಷಭನೂ ಒಂದೇ ಪಲ್ಟನ್ನಿನಿಂದ ಯುದ್ಧಕ್ಕೆ ಹೋಗಿ ಬಂದವರು.

"ಊರೆಲ್ಲಾ ಹಂಗ ಅಂತೈತ್ರಿ, ಅಣ್ಣಾ. ತಿರುಗಿ ಬಂದಮ್ಯಾಲ ಅವರು ನೀರು ಸೋಸೋ ಅರಿವಿ ಒಮ್ಮಿನೂ ಮುಟ್ಟಲಿಲ್ಲ. ಫೌಜಿಗೆ ಹೋಗಿ ಜೈನಧರ್ಮಾನ ಮರತ ಅಂತ ಅತ್ತಿ ಇವತ್ತೂ ಬೈಯಾಕತ್ತಿದ್ರು. ಯಾಕಂತ ಖರೆ ಹೇಳ್ರಿ."

ಅವನು ಹೊಸ್ತಿಲ ಮೇಲೆ ಕುಳಿತ. "ಮಂಜಿನ್ಯಾಗ ಯಾರೋ ಹೆಗಲ ಮ್ಯಾಲ ಏನೋ ಹೊತ್ಕೊಂಡು ಬಂದ್ರು. ಮದ್ದುಗುಂಡಂತ ತಿಳದು ವೃಷಭ ಹೊಡದ. ಹೋಗಿ ನೋಡಿದ್ರ ಒಬ್ಬಾಕಿ ಮುದುಕಿ. ಬಾಜೂಕ ನೀರಿನ ಕೊಡ." ತನ್ನ ಎರಡೂ ಅಂಗೈ ತೆರೆದು ತೋರಿಸಿದ. "ಕಣ್ಣಿಗೆ ಕಾಣದ ಹುಳಾ ಉಳಸೋ ಅರಿವಿ ಅದು, ಈ ಕೈಲೆ ಹೆಂಗ ಮುಟ್ಟಲೋ ಇಮಾಮ್, ಅಂತಿದ್ದ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ, ನೀ ಸೋಸಿ ಕೊಡೋ ನೀರೂ ತಪ್ಪೀತು ಅಂತ ಅಂಜಿದ್ದ, ತಂಗಿ."

ದೀಪಾಲಿ ಬೆರಳು ಸಡಿಲಿಸಿ ಥರ್ಮಾಸನ್ನು ಅವನ ಕೈಗಿಟ್ಟಳು.